ಬರೆ ಬಿದ್ದ ನಾಲಿಗೆ

ಆಗ ನನಗೆ ಇಪ್ಪತ್ತೆರಡು ವರ್ಷ. ಕೈಯಲ್ಲಿ ಬೆತ್ತ, ಮೂಗಿನ ತುದಿಯಲ್ಲಿ ಸಿಟ್ಟು. ಮೂವತ್ತರ ದಶಕದ ಮಾತು. ತಮಿಳು ಸೀಮೆಯ ಪೋತ್ತನೂರಿನ ರೈಲಿನ ಕೂಗು ಕೇಳಿಸುವಷ್ಟು ದೂರದಲ್ಲಿ ನಮ್ಮ ನೇಕಾರರ ಬೀದಿ, ಅಲ್ಲಿನ ಒಂದೇ ಕೋಣೆಯ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಪಾಠ ತಮಿಳಿನಲ್ಲಿ, ಅಳು ಕನ್ನಡದಲ್ಲಿ. ಮಕ್ಕಳನ್ನು ಸೇರಿಸಲು ಬಂದ ತಂದೆಯರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಕಣ್ಣೆರಡು ಬುಟ್ಟು ಮಿಕ್ಕ ತೋಲೆಲ್ಲ ಸುಲೀರಿ, ವಾತ್ಯಾರೇ." ಆ ಅಪ್ಪಣೆಯನ್ನು ನಾನು ಧಾರಾಳವಾಗಿ ಪಾಲಿಸುತ್ತಿದ್ದೆ.

ಆ ವಾರ ಬಾಯಿ, ಹಲ್ಲು, ನಾಲಿಗೆಯ ಪಾಠ. ಪುಸ್ತಕದಲ್ಲಿದ್ದ ಮಸುಕು ಚಿತ್ರದಿಂದ ಯಾರಿಗೂ ಏನೂ ತಿಳಿಯದು ಎಂದು, ರುಚಿ ತೋರಿಸಲು ಮನೆಯಿಂದ ಒಂದು ಅಚ್ಚುಬೆಲ್ಲ, ಉಪ್ಪು, ಹುಣಸೆಹಣ್ಣು ತಂದು ಮೇಜಿನ ಖಾನೆಯಲ್ಲಿಟ್ಟೆ. ಕಹಿಗೆ ಅಂಗಳದಲ್ಲೇ ಬೇವಿನ ಮರವಿತ್ತು. ಮಧ್ಯಾಹ್ನ ನೋಡಿದರೆ ಬೆಲ್ಲ ಮಾಯ. ಮೊದಲ ಸಾಲಿನ ಎಂಟು ವರ್ಷದ ಹುಡುಗಿಯೊಬ್ಬಳ ಬೆರಳು ಅಂಟಂಟಾಗಿತ್ತು. "ನಾ ತಿಂದಿಲ್ಲ" ಎಂದಳು. ಅಂಗೈಗೆ ಆರು ಏಟು ಕೊಟ್ಟೆ. ಆರಕ್ಕೂ ಅದೇ ಉತ್ತರ.

ಸಂಜೆ ಮನೆಗೆ ಹೋಗುವಾಗ ಅವಳ ಅಪ್ಪ ಜಗಲಿಯ ಮೇಲೆ ಕಂಡ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಿಮ್ಮ ಮಗಳು ಕದಿತಾಳೆ, ಕದ್ದು ಸುಳ್ಳೂ ಏಳ್ತಾಳೆ. ಆ ನಾಲಿಗೆಗೆ ಬರೆ ಇಕ್ಕಬೇಕು, ಆಗ ಬುದ್ಧಿ ಬತ್ತದೆ" ಎಂದು ಹೇಳಿ ನಡೆದೆ. ನಮ್ಮ ಬೀದಿಯಲ್ಲಿ ದಿನಕ್ಕೆ ಹತ್ತು ಸಲ ಯಾರಾದರೂ ಯಾರಿಗಾದರೂ ಅನ್ನುತ್ತಿದ್ದ ಮಾತು ಅದು. ನಮ್ಮಮ್ಮನೇ ನನಗೆ ಎಷ್ಟು ಸಲ ಅಂದಿದ್ದಳೋ, ನನ್ನ ನಾಲಿಗೆ ಸುಖವಾಗಿಯೇ ಇತ್ತು.

ಮರುದಿನ ಪಾಠ ಬಹಳ ಚೆನ್ನಾಗಿ ನಡೆಯಿತು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮಕ್ಕಳು ಒಬ್ಬರ ಬಾಯಿಗೊಬ್ಬರು ಇಣುಕಿ ಹಲ್ಲು ನೋಡಿದರು. ಮುಂದಿನ ಹಲ್ಲು ಕಚ್ಚಲು, ಕೋರೆಹಲ್ಲು ಸೀಳಲು, ದವಡೆಹಲ್ಲು ಅರೆಯಲು ಎಂದೆ. "ಮುಂದಿನ ಅಲ್ಲು ನೂಲು ಕಡಿಯಾಕೆ" ಎಂದು ಒಬ್ಬ ಕೂಗಿದ. ನೂಲು ಕಡಿದು ಕಡಿದೇ ಅವನ ಅಮ್ಮನ ಹಲ್ಲಿನಲ್ಲಿ ಕಚ್ಚು ಬಿದ್ದಿತ್ತು. ಅವನಿಗೂ ಒಂದು ಬಿಗಿದೆ, ಸರಿಯುತ್ತರ ಹೇಳಿದ್ದಕ್ಕೆ. ಗಂಟಲ ಮೇಲೆ ಕೈಯಿರಿಸಿ "ಆ" ಅನ್ನಿಸಿದಾಗ, ದನಿ ಬೆರಳಿಗೆ ತಾಗಿ ನಡುಗುವುದು ತಿಳಿದು ಕೋಣೆಯೆಲ್ಲ ನಗು. ಆ ಹುಡುಗಿ ಮಾತ್ರ ತುಟಿ ಬಿಗಿದು ಕುಳಿತಿದ್ದಳು. ಮುನಿಸು ಎಂದುಕೊಂಡೆ.

ಆಮೇಲೆ ರುಚಿ. ಕಣ್ಣು ಮುಚ್ಚಿಸಿ ಒಬ್ಬೊಬ್ಬರ ನಾಲಿಗೆಗೂ ಉಪ್ಪು, ಹುಳಿ, ಕಹಿ ಇಟ್ಟೆ. ಅವಳ ಸರದಿ ಬಂದಾಗ ಬಾಯಿ ತೆರೆಯಲಿಲ್ಲ. ಬೆತ್ತ ತೋರಿಸಿದೆ, ತೆರೆಯಲಿಲ್ಲ. ಎರಡೂ ಕೆನ್ನೆ ಅದುಮಿ, ದವಡೆ ಬಿಡಿಸಿ, ಉಪ್ಪಿನ ಹರಳನ್ನು ಒಳಗೆ ತುರುಕಿದೆ. ಅವಳು ಕಿರುಚಿದ್ದಕ್ಕೆ ಬೀದಿಯ ಮಗ್ಗಗಳು ನಿಂತವು. ಜೊಲ್ಲು, ರಕ್ತ ನನ್ನ ಕೈಮೇಲೆ ಸುರಿಯಿತು. ಅವಳ ನಾಲಿಗೆಯ ನಡುವೆ ಒಂದು ಗೆರೆ ಬೆಳ್ಳಗೆ ಬೆಂದು, ಅಂಚು ಒಡೆದಿತ್ತು.

"ಅವರಪ್ಪ ನೆನ್ನೆ ರಾಟೆಯ ಕಬ್ಣದ ಕದಿರು ಕಾಯ್ಸಿ ಬರೆ ಇಕ್ಬುಟ್ರು, ವಾತ್ಯಾರೇ" ಎಂದಳು ಪಕ್ಕದಲ್ಲಿ ಕುಳಿತಿದ್ದವಳು.

ಬೆತ್ತ ಹಿಡಿದೇ ಅವರ ಮನೆಗೆ ಓಡಿದೆ. ಅವನು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಮತ್ತೆ ನೇಯತೊಡಗಿದ್ದ. ಹಾಗೆ ಕೂತವನು ಥಟ್ಟನೆ ಏಳಲಾರ. ಹೆಗಲು, ಬೆನ್ನು, ತಲೆ ಎನ್ನದೆ ಹೊಡೆದೆ. ಹಾಸಿನ ಎಳೆ ಹರಿದವು, ಬೆತ್ತ ಮುರಿಯಿತು, ಮುರಿದ ತುಂಡಿನಲ್ಲೂ ಹೊಡೆದೆ. ನನ್ನ ಎರಡರಷ್ಟಿದ್ದ ಆಳು. ಒಂದು ಕೈ ಬೀಸಿದ್ದರೆ ನಾನು ಬೀದಿಯಲ್ಲಿ ಬಿದ್ದಿರುತ್ತಿದ್ದೆ. ಬೀಸಲಿಲ್ಲ. ತಲೆ ಮೇಲೆ ಕೈಯಿಟ್ಟುಕೊಂಡು, "ನೀವ್ ತಾನೆ ಏಳಿದ್ದು, ವಾತ್ಯಾರೇ? ಓದಿದೋರು ಏಳ್ದಂಗೆ ಮಾಡಿದೆ. ಸಾಲ್ದೆ ಓಯ್ತಾ?" ಎಂದ.

ಅಣಕವಲ್ಲ, ನಿಜವಾಗಿಯೇ ಕೇಳಿದ. ಅವನನ್ನು ಅಲ್ಲೇ ಕೊಂದುಬಿಡಬೇಕೆನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಹೇಳುವ ನಾನು, ನನ್ನದೇ ಮಾತಿಗೆ ಅವನ ಬೆನ್ನು ಬಗಿಯುತ್ತಿದ್ದೆ. ನಾಚಿಕೆಗಿಂತ ಮೊದಲು ಬಂದದ್ದು ಇನ್ನಷ್ಟು ಸಿಟ್ಟು, ಅದನ್ನೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಹುಡುಗಿ ಓಡಿಬಂದು ಅಪ್ಪನ ಬೆನ್ನಿಗೆ ಅಂಟಿಕೊಂಡಳು. ಅವನ ನೆತ್ತಿಯಿಂದ ರಕ್ತ ಇಳಿಯುತ್ತಿತ್ತು. ನಾನು ಮಂಡಿಯೂರಿ, "ನಾಲಿಗೆ ನೋಯ್ತದಾ, ನನ್ ಕಣ್ಣೇ?" ಎಂದೆ.

ಅವಳು ನನ್ನ ಕೈಯಲ್ಲಿದ್ದ ತುಂಡನ್ನು ನೋಡಿದಳು. "ಇಲ್ಲ" ಎಂದಳು, ತೊದಲುತ್ತ. "ನೋಯಲ್ಲ. ಅಪ್ಪನ್ನ ಬುಟ್ಬುಡಿ."

ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಅವಳಪ್ಪ ರಕ್ತ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದ, ಈ ಸುಳ್ಳಿಗೆ ಏನು ಮಾಡಬೇಕೆಂದು ನಾನು ಹೇಳಲಿ ಎಂದು.