ಜುಲೇಖಾ ಹೊತ್ತೊಯ್ಯುವ ಸುದ್ದಿ

"ಇವತ್ತ ಏನರ ಛಲೋದು ಆತೇನವಾ?"

ಇಳಕಲ್ಲಿನ ಓಣಿಯಲ್ಲಿ ಜುಲೇಖಾ ಹೀಗೆ ಕೇಳಿದರೆ ಹೆಂಗಸರ ಮೈ ಜುಮ್ಮೆನ್ನುತ್ತದೆ. ಮಗ್ಗದ ಮಹೇಶ್ವರಿಯಂತೂ ಲಾಳಿ ನಿಲ್ಲಿಸಿ, "ನಮ್ಮ ಎಮ್ಮಿ ಈದೈತ್ರಿ, ಹೆಣ್ಣ ಕರಾ" ಎಂದು ಒಂದೇ ಉಸಿರಿನಲ್ಲಿ ಒದರಿ ಮುಖ ತಿರುಗಿಸುತ್ತಾಳೆ. ಆ ಸುದ್ದಿ ಯಾರ ಕಿವಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಜುಲೇಖಾ ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು.

ಕೆಲಸ ಕಲಿಸಿದ್ದು ಅತ್ತೆ ಲಾಡಬಿ. ಹುನಗುಂದದಿಂದ ಸೊಸೆಯಾಗಿ ಬಂದ ಜುಲೇಖಾ ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಹುಡುಗಿ. ಮೊದಲ ಸಲ ಪರದೆಯ ಹಿಂದೆ ಹೋದಾಗ ಕೈಯಲ್ಲಿದ್ದ ತಂಬಿಗೆ ಗಡಗಡ ನಡುಗಿತು. ತೀರಿಕೊಂಡು ಮಲಗಿದ್ದ ಮುದುಕಿಯ ಮುಷ್ಟಿ ಬಿಗಿದಿತ್ತು, ಏನು ಮಾಡಿದರೂ ಬಿಚ್ಚದು. ಲಾಡಬಿ ಬಗ್ಗಿ ಆಕೆಯ ಕಿವಿಯಲ್ಲಿ, "ನಿಮ್ಮ ಅಂಗಳದಾಗಿನ ಮಲ್ಲಿಗಿ ಇವತ್ತ ಅರಳೇತ್ರಿ, ನೋಡಿ ಬಂದೆ" ಎಂದಳು. ಬೆರಳುಗಳು ಒಂದೊಂದಾಗಿ ಸಡಿಲಾದವು.

"ಬಿಸಿನೀರಿಗೆ ಬಿಚ್ಚಿರ್ತಾವ, ಅಲ್ಲೇನ್ರಿ ಅತ್ತಿ?"

"ಹಂಗಂತನ ತಿಳ್ಕೊ. ಆದ್ರ ಸುಳ್ಳ ಹೇಳಬ್ಯಾಡ, ಸುಳ್ಳಿಗೆ ಬಿಚ್ಚಂಗಿಲ್ಲ. ಆವತ್ತಿನ ಸುದ್ದಿನ ಆಗಬೇಕು. ಬರಿಗೈಲೆ ಕಳಸೂದು ನಮ್ಮ ಕೆಲಸ. ನನ್ನ ಕೈನೂ ನೀನ ಬಿಚ್ಚಬೇಕು, ಮಾತು ಕೊಡು."

ಜುಲೇಖಾ ಮಾತು ಕೊಟ್ಟಳು. ಕರೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಹಾಗಾಗಿ ದಿನವೂ ಒಂದು ಸಂತೋಷ ಹುಡುಕಿಡಬೇಕಾಯಿತು. ಮೂಗಿನ ತುದಿಯಲ್ಲೇ ಸಿಟ್ಟಿದ್ದವಳಿಗೆ ಅದೇನು ಸಾಮಾನ್ಯವೇ! ರೊಟ್ಟಿ ಬಡಿಯಲು ಕಲಿತಂತೆ ಕಲಿತಳು: ಮೊದಲು ಹರಿಯಿತು, ಆಮೇಲೆ ಕೈ ಹತ್ತಿತು. ಕಲ್ಲಿನ ಪಾಲಿಶ್ ಮುಗಿಸಿ ಬಂದ ಗಂಡ ಯುನೂಸ ಧೂಳು ಮೆತ್ತಿದ ಮುಖದಲ್ಲಿ ಹಲ್ಲು ಕಿರಿದದ್ದು, ಸಂತೆಯಲ್ಲಿ ಬದನೆಕಾಯಿಯವಳು ತಾನಾಗಿ ಒಂದು ಹೆಚ್ಚಿಗೆ ಹಾಕಿದ್ದು, ಎಲ್ಲವೂ ಕಣ್ಣಿಗೆ ಬೀಳತೊಡಗಿದವು. ಅಂಜಿಕೆ ಮಾತ್ರ ಹೋಗಲಿಲ್ಲ. ಎಷ್ಟು ವರ್ಷವಾದರೂ ಪರದೆಯ ಹಿಂದೆ ಹೋದೊಡನೆ ಬೆನ್ನಿಗೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು, ತಂಬಿಗೆ ನಡುಗುತ್ತಿತ್ತು.

ಈ ಮಳೆಗಾಲದ ಒಂದು ಮುಂಜಾನೆ ಲಾಡಬಿಯೇ ಹೋದಳು. ಓಣಿಯ ಮಗ್ಗಗಳು ನಿಂತವು. ಪರದೆಯ ಹಿಂದೆ ಜುಲೇಖಾ ಒಬ್ಬಳೇ ಅತ್ತೆಯ ಮುಂದೆ ಕುಳಿತಳು. ಅತ್ತೆಯ ಬಲಗೈ ಮುಷ್ಟಿ ಬಿಗಿದಿತ್ತು.

ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಬೆಳಗಿನಿಂದ ಕಂಡದ್ದೆಲ್ಲ ಕಣ್ಣೀರು.

"ಯುನೂಸ ಹೊಟ್ಟಿ ತುಂಬ ಉಂಡಾನ್ರಿ ಅತ್ತಿ" ಎಂದು ಸುಳ್ಳು ಹೇಳಿದಳು. ಹೆಬ್ಬೆರಳು ಮೆಲ್ಲಗೆ ಒಳಗೆ ಸರಿದು ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಜುಲೇಖಾ ಅದನ್ನು ಕಣ್ಣಾರೆ ಕಂಡಳು.

ಬಿಸಿನೀರು ಸುರಿದಳು, ಸುರಿದೇ ಸುರಿದಳು. ಬೆರಳು ಅಲ್ಲಾಡಲಿಲ್ಲ. ಹೊರಗಿನಿಂದ ಯುನೂಸ, "ಇನ್ನೂ ಎಷ್ಟೊತ್ತ?" ಎಂದು ಕೂಗಿದ. ಕೊಟ್ಟ ಮಾತು ಕೈಜಾರುತ್ತಿತ್ತು. ಅವಳಿಗೆ ಅತ್ತೆಯ ಮೇಲೆಯೇ ಸಿಟ್ಟು ಬಂತು.

"ನೀವ ಹೋದ ದಿನ ಛಲೋ ಸುದ್ದಿ ಎಲ್ಲಿಂದ ತರ್ಲಿರಿ?" ಎಂದು ಆ ಮುಷ್ಟಿಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು.

ಅತ್ತು ಸಾಕಾಗಿ ಕಣ್ಣು ತೆರೆದಾಗ ಇನ್ನೊಂದು ಕೈಯಲ್ಲಿದ್ದ ತಂಬಿಗೆ ಕಂಡಿತು. ಅದು ನಡುಗುತ್ತಿರಲಿಲ್ಲ. ಬಂದಾಗಿನಿಂದ ನಡುಗಿಯೇ ಇರಲಿಲ್ಲ.

"ಅತ್ತಿ," ಎಂದಳು ಮೆಲ್ಲಗೆ, "ಇವತ್ತ ನನಗ ಅಂಜಿಕಿ ಆಗಿಲ್ರಿ."

ಕೆನ್ನೆಯ ಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಹಂಡೆಯಲ್ಲಿ ಬಿಸಿನೀರು ಆಗಲೇ ಮುಗಿದಿತ್ತು.