ಪಾಳು ಎಂದು ಬರೆದವನು ನಾನೇ

೧೯೯೮ರಲ್ಲಿ ನಾನು ಕುಂದಾಪುರ ತಾಲೂಕಿನ ಹೊಸ ಸರ್ವೆಯರ್. ಆಗ ಬೈಂದೂರು ಕಡೆಯ ಊರುಗಳೂ ಅದೇ ತಾಲೂಕಿಗೆ ಸೇರಿದ್ದವು. ಜುಲೈ ತಿಂಗಳ ಮಳೆಯಲ್ಲಿ ಅಳತೆಗೆ ಹೋಗುವವರು ಎರಡೇ ಬಗೆ: ಹೊಸಬರು ಮತ್ತು ಮೇಲಧಿಕಾರಿಗೆ ಹೆದರುವವರು. ನಾನು ಎರಡೂ ಆಗಿದ್ದೆ. ನಾವುಂದದ ಆಚೆ, ಕಡಲಿಗೂ ಒಂದು ಸಿಹಿನೀರಿನ ಕೆರೆಗೂ ನಡುವೆ ಉದ್ದಕ್ಕೆ ಮಲಗಿದ್ದ ಹೊಯ್ಗೆ ದಿಬ್ಬವನ್ನು, ಅಂದರೆ ಮರಳಿನ ದಿಬ್ಬವನ್ನು, ಅಳೆಯಬೇಕಿತ್ತು. ಕೊಡೆ ಗಾಳಿಗೆ ಮಗುಚಿತು, ಚೈನು ಎಳೆದು ಕೈ ಮರಗಟ್ಟಿತು, ದಿಬ್ಬದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ನಕ್ಷೆಯ ಷರಾ ಕಲಂನಲ್ಲಿ, ಅಂದರೆ ಜಾಗ ಹೇಗಿದೆ ಎಂದು ಬರೆಯುವ ಅಂಕಣದಲ್ಲಿ, 'ಪಾಳು, ಉಪಯೋಗದಲ್ಲಿಲ್ಲ' ಎಂದು ಬರೆದು ಬಸ್ಸು ಹಿಡಿದೆ. ಅಕ್ಷರ ಮುದ್ದಾಗಿ ಬಂದಿತ್ತೆಂದು ಖುಷಿಪಟ್ಟದ್ದೂ ನೆನಪಿದೆ.

೨೦೦೭ರ ಡಿಸೆಂಬರಿನಲ್ಲಿ ಆ ಷರಾ ನನ್ನನ್ನು ಹುಡುಕಿಕೊಂಡು ಬಂತು. ಅಷ್ಟರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ಒಬ್ಬರು ದಿಬ್ಬವನ್ನು ಸಮತಟ್ಟು ಮಾಡಿ ರೆಸಾರ್ಟ್ ಕಟ್ಟಲು ಅರ್ಜಿ ಹಾಕಿದ್ದರು. ದಿಬ್ಬಗಳನ್ನು ಕಾಯುವ ಕಾನೂನು ಇತ್ತು, ಆದರೆ ಕಾಗದದಲ್ಲಿ ದಿಬ್ಬ ಕಂಡರೆ ತಾನೇ? ನನ್ನ ನಕ್ಷೆಯಲ್ಲಿ ಬರೀ ಪಾಳು ಜಾಗವಿತ್ತು.

"ಷರಾ ನಿಮ್ಮದೇ ಅಲ್ವಾ? ಹೋಗಿ ನೋಡಿ ಬಂದೆ ಅಂತ ಎರಡು ಸಾಲು ಬರೆದು ಸಹಿ ಹಾಕಿ," ಎಂದರು ಸಾಹೇಬರು.

ನಾನು ಸ್ವಭಾವತಃ ಆತಂಕದ ಮನುಷ್ಯ. ಮನೆಗೆ ಬೀಗ ಹಾಕಿ ಬಸ್ ನಿಲ್ದಾಣದಿಂದ ವಾಪಸ್ಸು ಹೋಗಿ ಎಳೆದು ನೋಡುವ ಜಾತಿ. ಹಾಗಾಗಿ ನೋಡಿಯೇ ಸಹಿ ಹಾಕೋಣವೆಂದು ಹೊರಟೆ.

ದಿಬ್ಬವೇ ಕಾಣಲಿಲ್ಲ. ಹಳೆ ಬಲೆಗಳನ್ನು ಹಾಸಿ ಆ ತುದಿಯಿಂದ ಈ ತುದಿಗೆ ಮೀನು, ಚಟ್ಲಿ ಎನ್ನುವ ಸಿಗಡಿ ಒಣಗಲು ಹಾಕಿದ್ದರು.

"ಹ್ವಾಯ್, ಚಟ್ಲಿ ಮೇಲ್ ಕಾಲ್ ಹಾಕ್ಬೇಡಿ," ಎಂದು ಕೂಗಿದವರು ಗುಲಾಬಿಯಕ್ಕ. ಕೆರೆಯ ಸುತ್ತಿನ ಹತ್ತೊಂಬತ್ತು ಮೀನುಗಾರ ಮನೆಗಳಲ್ಲಿ ಮೊದಲನೆಯದು ಅವರದು. ಸರ್ವೆಯವನು ಎಂದು ತಿಳಿದೊಡನೆ ಶುರು ಮಾಡಿದರು. "ಯಾರೋ ಒಬ್ರ್ ಮಳಿಗಾಲ್ದಗೆ ಬಂದ್ ಪಾಳ್ ಅಂದೇಳಿ ಬರ್ದ್ ಹೋಯಿರಂಬ್ರ್. ಮಳಿಗಾಲ್ದಗೆ ಮೀನ್ ಒಣ್ಗ್ಸುಕೆ ನಮ್ಗೆಂತ ತಲಿ ಸಮ ಇಲ್ಯಾ? ಒಂದ್ ಮಾತ್ ಕೇಂಬುಕಾಗ್ದಾ?"

ನಾನು ಚೈನಿನ ಕೊಂಡಿಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದೆ.

ಅವರು ಬಿಡಲಿಲ್ಲ. ಕಡಲ ಬದಿಯಲ್ಲಿ ದಿಬ್ಬದ ಬುಡಕ್ಕೆ ಕರೆದೊಯ್ದು ತೆಂಗಿನ ಗೆರಟೆಯಿಂದ ಮೊಣಕೈ ಆಳ ಹೊಯ್ಗೆ ತೋಡಿದರು. ನೀರು ಒಸರಿ ತಿಳಿಯಾಯಿತು. "ಕುಡಿನಿ."

ಅಲೆ ಹತ್ತು ಹೆಜ್ಜೆ ದೂರದಲ್ಲಿ ಒಡೆಯುತ್ತಿತ್ತು. ಟೈಫಾಯ್ಡ್, ಕಾಮಾಲೆ, ನನ್ನ ಹೆಂಡತಿಯ ಮುಖ, ಎಲ್ಲವೂ ಕಣ್ಣ ಮುಂದೆ ಬಂದವು. ಕುಡಿದೆ. ಸಿಹಿನೀರು. ದಿಬ್ಬ ನಾಲ್ಕು ತಿಂಗಳ ಮಳೆಯನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಆ ನೀರಿನ ಭಾರ ಉಪ್ಪುನೀರನ್ನು ಒಳಗೆ ಬಿಡುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪಾಸೂ ಆಗಿದ್ದೆ.

"ಈ ದಿಬ್ಬ ಹೋರೆ ಕೆರಿ ಉಪ್ಪಾತ್ತ್, ಬಾವಿ ನೀರೂ ಉಪ್ಪಾತ್ತ್. ಮತ್ತೆ ನಾವ್ ಎಂತ ಕುಡುದ್? ಆ ಬರ್ದ್ ಹೋದವ್ರ್ ಸಿಕ್ರೆ ಹೇಳಿ."

"ಅದು ನಾನೇ ಅಕ್ಕ," ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯಲಿಲ್ಲ. "ಹಂಗಾರೆ ಬರ್ದದ್ದ್ ನೀವೇ ಸಮ ಮಾಡಿ," ಎಂದು ಮೀನು ಮಗುಚಲು ಹೋದರು.

'೧೯೯೮ರ ಷರಾ ತಪ್ಪು. ಬರೆದವನು ನಾನೇ. ಜಂಟಿ ಸ್ಥಳ ತನಿಖೆ ಆಗಬೇಕು' ಎಂದು ವರದಿ ಕೊಟ್ಟೆ.

"ನಿಮ್ಮ ತಪ್ಪನ್ನು ನೀವೇ ಬರೆದುಕೊಟ್ಟರೆ ನೋಟಿಸು ನಿಮಗೇ ಬರ್ತದೆ ಮಾರಾಯ್ರೆ. ಹರಿದು ಹಾಕಿ," ಎಂದರು ಸಾಹೇಬರು.

"ಬರಲಿ ಸಾರ್." ದನಿ ನಡುಗಿತು. ಪುಣ್ಯಕ್ಕೆ ಕಾಗದದ ಮೇಲಿನ ಅಕ್ಷರ ನಡುಗಿರಲಿಲ್ಲ.

ವರದಿ ಮೇಲೆ ಹೋಗಿ ತನಿಖೆಗೆ ದಿನ ಗೊತ್ತಾಯಿತು. ಆ ದಿನ ಜಾಗ ಖಾಲಿ ಮಾಡಿಡಬೇಕೆಂದು ಅರ್ಜಿದಾರರ ಕಡೆಯವರು ಮನೆಮನೆಗೆ ಹೇಳಿ ಹೋಗಿದ್ದರು. ಹೆಂಗಸರು ಅಂದು ಕಾಲಿಡಲು ಜಾಗವಿಲ್ಲದಂತೆ ಮೀನು ಹರಡಿ ನಡುವೆ ಕುಳಿತುಬಿಟ್ಟರು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, "ಇದೆಲ್ಲ ಇವತ್ತು ನಮಗೆ ತೋರಿಸ್ಲಿಕ್ಕೆ ಹಾಕಿದ್ದಲ್ವಾ?" ಎಂದರು.

"ಹೌದ್ ಸಾರ್," ಎಂದರು ಗುಲಾಬಿಯಕ್ಕ. "ನೀವ್ ಬತ್ರಿ ಅಂದೇಳಿ ಮೀನಿಗೂ ಗೊತ್ತಾಯ್ ಬಲಿಗ್ ಬಂದ್ ಬಿದ್ದಿತ್."

ಸಾಹೇಬರೂ ನಕ್ಕರು. ನಾನು ನಗದೆ ಅಳೆದೆ. ಪ್ರತಿ ಮನೆಯ ಒಣಗಿಸುವ ಜಾಗ, ದಿಬ್ಬದ ಎತ್ತರ, ನೀರು ತೋಡುವ ಗುಂಡಿ, ಕೆರೆಯ ಅಂಚು, ಒಂದೊಂದನ್ನೂ ಎರಡು ಸಲ. ಆತಂಕದವನಿಗೆ ಅದೊಂದು ಲಾಭ. ಆ ನಕ್ಷೆ ಮೇಲೆ ಹೋದ ಬಳಿಕ ಅರ್ಜಿ ತಿರಸ್ಕೃತವಾಯಿತು.

ಸಾಹೇಬರು ಹೇಳಿದಂತೆಯೇ ನೋಟಿಸು ಬಂತು. 'ಅಂದು ತಪ್ಪು ಷರಾ ಬರೆಯಲು ಕಾರಣವೇನು?' ಒಂದೇ ಸಾಲಿನ ಉತ್ತರ ಕೊಟ್ಟೆ: 'ಮಳೆಗಾಲದಲ್ಲಿ ಹೋಗಿದ್ದೆ, ಯಾರನ್ನೂ ಕೇಳಲಿಲ್ಲ.' ನನ್ನನ್ನು ಬ್ರಹ್ಮಾವರಕ್ಕೆ ಹಾಕಿದರು. ದಿನಾ ಬಸ್ಸಿನಲ್ಲಿ ದಾರಿ ನಡುವಿನ ಕೋಟ ಊರು ದಾಟುವವರೆಗೂ, ಇನ್ನೇನು ಗ್ರಹಚಾರ ಕಾದಿದೆಯೋ ಎಂದು ಚಿಂತಿಸುತ್ತಿದ್ದೆ. ಆಮೇಲೆ ನಿದ್ದೆ ಬರುತ್ತಿತ್ತು.

ನೆಲ ಅಳೆಯುವುದನ್ನು ನನಗೆ ಇಲಾಖೆ ಕಲಿಸಿತು, ಯಾವ ತಿಂಗಳಲ್ಲಿ ಬಂದಿದ್ದೇನೆ ಎಂದು ಮೊದಲು ಕೇಳಿಕೊಳ್ಳುವುದನ್ನು ಗುಲಾಬಿಯಕ್ಕ ಕಲಿಸಿದರು. ಆ ಹೊಸ ನಕ್ಷೆಯ ಷರಾ ಎರಡು ಪದಕ್ಕೆಂದು ಮಾಡಿದ ಅಂಕಣ ದಾಟಿ ಅಂಚಿನವರೆಗೂ ಹೋಗಿದೆ: 'ಮಳೆ ಬಿಟ್ಟ ಮೇಲೆ ಮೀನು ಒಣಗಿಸುವ, ವರ್ಷವಿಡೀ ಕೆರೆ ಕಾಯುವ ದಿಬ್ಬ. ತೆಗೆಯಬಾರದು.' ಕೆಳಗೆ ನನ್ನ ಪೂರ್ತಿ ಹೆಸರಿದೆ. ಷರಾ ಹೊಡೆದುಹಾಕಬೇಕೆನ್ನುವವರು ಹೊಡೆದುಹಾಕಲಿ, ಪಕ್ಕದಲ್ಲಿ ಅವರೂ ತಮ್ಮ ಪೂರ್ತಿ ಹೆಸರು ಬರೆಯಲಿ.