ತಿಪ್ಪಣ್ಣನ ಖಾಲಿ ಬೆಂಚು

ಕುರುಗೋಡಿನ ತಿಪ್ಪಣ್ಣನ ಕಟಿಂಗ್ ಅಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದೆ. ಫ್ಯಾನಿನ ಗಾಳಿಗೆ ಮೋಡದ ಮೇಲೆ ತೇಲಿದಂತಿತ್ತು. ಆ ಮಂಪರಿನಲ್ಲೂ ನನ್ನ ಚಿಂತೆಗೆ ಮಾತ್ರ ನಿದ್ದೆಯಿಲ್ಲ. ಅವನು ಪ್ರತಿ ಸಲ ಹೊಸ ಬ್ಲೇಡ್ ಹಾಕುವುದು ಗೊತ್ತಿದ್ದರೂ, ಅಕಸ್ಮಾತ್ ನನ್ನ ರಕ್ತ ತಾಗಿದ ಬ್ಲೇಡಿನಿಂದ ತನ್ನ ಕೈ ಕೊಯ್ದುಕೊಂಡರೆ ಎಂದು ಹೆದರಿ, "ತಿಪ್ಪಣ್ಣಾ, ನನಗ ಎಚ್‌ಐವಿ ಐತಿ, ಹುಷಾರಪ್ಪಾ" ಎಂದುಬಿಟ್ಟೆ.

ಅವನು ನನ್ನ ಕಿವಿಯ ಹತ್ತಿರ ಬಾಗಿ, "ಅಲ್ರೀ, ಮೆಲ್ಲಕ ಹೇಳಬಾರ್ದಾ?" ಎಂದು ಪಿಸುಗುಟ್ಟಿ ಮತ್ತೆ ಗಡ್ಡ ತೆಗೆಯತೊಡಗಿದ. ಕಣ್ಣು ತೆರೆದೆ. ಬೆಂಚಿನ ಮೇಲೆ ಕಾಯುತ್ತಿದ್ದ ನಾಲ್ವರು ಎದುರುಬದುರು ಕನ್ನಡಿಗಳಲ್ಲಿ ನಲವತ್ತು ಜನರಾಗಿ ಕಂಡರು. ಸದ್ದಿಲ್ಲದೆ ಎದ್ದು ಬಾಗಿಲ ಬೆಳಕಿನಲ್ಲಿ ಕರಗಿಹೋದರು.

ಮರುವಾರ ಬೆಂಚು ಖಾಲಿ. ಗಿರಾಕಿಯ ಕುರ್ಚಿಯಲ್ಲಿ ತಿಪ್ಪಣ್ಣನೇ ಕೂತಿದ್ದ. ಬಾಗಿಲಿನಿಂದಲೇ ವಾಪಸಾಗುತ್ತಿದ್ದ ನನ್ನನ್ನು ನೋಡಿ, ಎದ್ದು ಕುರ್ಚಿ ಒರೆಸಿ, "ಬರ್ರಿ, ಇವತ್ತು ಜೋರಾಗೇ ಹೇಳ್ರಿ, ಕೇಳಾಕ ಯಾರೂ ಇಲ್ಲ" ಎಂದ.

ಬಳ್ಳಾರಿಯಿಂದ ತರುವ ಗುಳಿಗೆ ನನ್ನನ್ನು ಗಟ್ಟಿಯಾಗಿಟ್ಟಿದೆ. ಬಾಯನ್ನು ಮಾತ್ರ ಸಡಿಲವಾಗಿಯೇ ಬಿಟ್ಟಿದೆ. ನಾನು ಹೋದರೆ ಬೇರೆಯವರು ಬರುವುದಿಲ್ಲ. ಹೋಗದಿದ್ದರೆ ಅವನಿಗೆ ಇರುವ ಒಬ್ಬ ಗಿರಾಕಿಯೂ ಇಲ್ಲ. ಪ್ರತಿ ಭಾನುವಾರ ಗಡ್ಡ ಸವರಿಕೊಳ್ಳುತ್ತ ಇದನ್ನೇ ಯೋಚಿಸಿ, ಕೊನೆಗೆ ಹೋಗುತ್ತೇನೆ.